ಜೇಬಿನಲ್ಲಿ ಹಿಡಿಯುವ ಆಂಪ್ಲಿಫೈಯರು

ಹೆಡ್‌ಫೋನು ಹೊಸ ಕಾಲದ ವಸ್ತುವೆಂದು ನಮ್ಮಲ್ಲಿ ಅನೇಕರ ಭಾವನೆ. ಬಸ್ಸಿನಲ್ಲಿ, ರೈಲಿನಲ್ಲಿ ಅದನ್ನು ಕಿವಿಗೇರಿಸಿಕೊಂಡು ಕುಳಿತ ತರುಣರನ್ನು ಕಂಡಾಗ ಹಾಗೆನ್ನಿಸುವುದು ಸಹಜವೇ. ಆದರೆ ವಾಚಕರೆ, ರೇಡಿಯೋ ಮನೆಯೊಳಕ್ಕೆ ಬಂದದ್ದೇ ಹೆಡ್‌ಫೋನಿನ ಮೂಲಕ. ಲೌಡ್‌ಸ್ಪೀಕರು ಅದರ ಹಿಂದಿನಿಂದ ಬಂದ ತಮ್ಮ.

ಈ ಹಳೆಯ ಸಂಗತಿಯನ್ನು ಈಗ ಎತ್ತಲು ಒಂದು ಕಾರಣವುಂಟು. ನನ್ನ ತಂಗಿಯ ಮಗ ಕಳೆದ ಬೇಸಗೆಯಲ್ಲಿ ಯಾರೋ ಬಳಸಿ ಮಾರಿದ ಒಂದು ಒಳ್ಳೆಯ ಹೆಡ್‌ಫೋನು ಕೊಂಡುತಂದ. ಫೋನಿಗೆ ಜೋಡಿಸಿದರೆ ಸ್ವರ ಕ್ಷೀಣ. “ಮಾವ, ಇದಕ್ಕೆ ಜೇಬಿನಲ್ಲಿಡುವ ಆಂಪ್ಲಿಫೈಯರು ಬೇಕಂತೆ. ಅಂಗಡಿಯವರು ಹೇಳುವ ಬೆಲೆ ಹೆಡ್‌ಫೋನಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಕೊಳ್ಳಲೇ?” ಎಂದು ಕೇಳಿದ. ಹುಡುಗ ಇನ್ನೂ ಓದುತ್ತಿದ್ದಾನೆ; ಹಣ ಅವನ ಅಪ್ಪನದು. ನಾನು ಕೊಳ್ಳು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆ ಹೆಡ್‌ಫೋನಿನ ಬೆನ್ನ ಮೇಲೆ ಏನು ಬರೆದಿದೆ ನೋಡು ಎಂದೆ. 300 ಓಮ್ ಎಂದಿತ್ತು. ಆ 300 ಎಂಬ ಅಂಕಿಯ ಹಿಂದೆ ಒಂದು ದೊಡ್ಡ ಕಥೆಯಿದೆ.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಜನ ಕೇಳುತ್ತಿದ್ದುದು ಕ್ರಿಸ್ಟಲ್ ಸೆಟ್ಟು. ಒಂದು ಗ್ಯಾಲೀನ ಹರಳು, ಅದರ ಮೇಲೆ ಮೀಸೆಯಷ್ಟು ಸಣ್ಣ ತಂತಿ, ಒಂದು ಸುರುಳಿ, ಮಾಡಿನ ಮೇಲೆ ಉದ್ದನೆಯ ಏರಿಯಲ್ಲು. ಬ್ಯಾಟರಿಯಿಲ್ಲ, ಮನೆಗೆ ವಿದ್ಯುತ್ತೂ ಬೇಕಿಲ್ಲ. ಹಾಗಾದರೆ ಸದ್ದು ಮಾಡುವ ಶಕ್ತಿ ಎಲ್ಲಿಂದ ಬಂದಿತು? ಪ್ರಸಾರ ಕೇಂದ್ರದಿಂದಲೇ! ಗಾಳಿಯಲ್ಲಿ ಹರಿದುಬಂದ ಅಲೆಯಲ್ಲಿ ಉಳಿದಿದ್ದ ಚೂರುಪಾರು ಶಕ್ತಿಯೇ ಕಿವಿಯ ಬಳಿಯ ತೆಳುತಗಡನ್ನು ಅಲುಗಿಸಬೇಕು. ಆದ್ದರಿಂದ ಆ ಹೆಡ್‌ಫೋನುಗಳಲ್ಲಿ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತುತ್ತಿದ್ದರು. ಅವುಗಳ ತಡೆ 2000 ಓಮಿಗೂ ಮೇಲೇರುತ್ತಿತ್ತು. ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್ವಿನ್ ಎಂಬಾತ ಇಂಥವನ್ನು ತನ್ನ ಮನೆಯ ಅಡುಗೆಮನೆಯಲ್ಲಿ ಕುಳಿತು ತಯಾರಿಸಿ, 1910ರಲ್ಲಿ ಅಲ್ಲಿನ ನೌಕಾದಳಕ್ಕೆ ಕಳುಹಿಸಿದ. ಪರೀಕ್ಷಿಸಿ ನೋಡಿದವರು ಬೆರಗಾಗಿ ಇನ್ನಷ್ಟು ಬೇಕೆಂದರಂತೆ; ಅಡುಗೆಮನೆಯ ಕಾರ್ಖಾನೆಯಿಂದ ಹೊರಡುತ್ತಿದ್ದುದು ಒಂದು ಸಲಕ್ಕೆ ಹತ್ತು ಮಾತ್ರ.

ಮುಂದೆ ವಾಲ್ವು ಬಂದಿತು. ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದ ಮೂರು ಕಡ್ಡಿಯ ವಾಲ್ವು ಕ್ಷೀಣ ಸಂಕೇತವನ್ನು ಹಿಗ್ಗಿಸಬಲ್ಲುದೆಂಬುದು ಕೆಲವು ವರ್ಷಗಳಲ್ಲಿ ತಿಳಿಯಿತು. 1925ರಲ್ಲಿ ರೈಸ್ ಮತ್ತು ಕೆಲ್ಲಾಗ್ ಎಂಬ ಇಂಜಿನಿಯರುಗಳು ಇಂದಿನ ಮಾದರಿಯ ಲೌಡ್‌ಸ್ಪೀಕರನ್ನು ವಿವರಿಸಿದರು. ಅಲ್ಲಿಗೆ ಒಬ್ಬನ ಕಿವಿಯ ಸುಖ ಮನೆಮಂದಿಯ ಸುಖವಾಯಿತು. 1935ರಲ್ಲಿ ನಮ್ಮ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರ ಆರಂಭಿಸುವ ಹೊತ್ತಿಗೆ ರೇಡಿಯೋ ಎಂದರೆ ನಡುಮನೆಯಲ್ಲಿ ಕೂರಿಸಿ ಎಲ್ಲರೂ ಆಲಿಸುವ ಪೆಟ್ಟಿಗೆ. ಹೆಡ್‌ಫೋನು ಟೆಲಿಫೋನು ಕಚೇರಿಗೆ, ವಿಮಾನಕ್ಕೆ, ಸ್ಟುಡಿಯೋಗೆ ಸರಿಯಿತು.

ಅದನ್ನು ಮತ್ತೆ ಮನೆಗೆ ಕರೆತಂದದ್ದು ಒಂದು ಆಕಸ್ಮಿಕ. 1958ರಲ್ಲಿ ಮಿಲ್‌ವಾಕಿ ನಗರದ ಜಾನ್ ಕಾಸ್ ಒಂದು ಪುಟ್ಟ ಗ್ರಾಮಫೋನನ್ನು ಪ್ರದರ್ಶನಕ್ಕಿಟ್ಟರು. ಅದರ ಸ್ಟೀರಿಯೋ ನಾದವನ್ನು ತೋರಿಸಿಕೊಡಲೆಂದು ಜೊತೆಗೊಂದು ಹೆಡ್‌ಫೋನು ಇಟ್ಟಿದ್ದರು. ಬಂದವರು ಗ್ರಾಮಫೋನನ್ನು ಬಿಟ್ಟು ಹೆಡ್‌ಫೋನನ್ನು ಕೇಳತೊಡಗಿದರು! ಆಮೇಲಿನ ದೊಡ್ಡ ಆಂಪ್ಲಿಫೈಯರುಗಳಲ್ಲಿ ಹೆಡ್‌ಫೋನಿಗೆಂದು ಒಂದು ತೂತು ಇರುವುದು ವಾಡಿಕೆಯಾಯಿತು. ಲೌಡ್‌ಸ್ಪೀಕರನ್ನೇ ನಡೆಸುವ ಯಂತ್ರಕ್ಕೆ ವೋಲ್ಟೇಜಿನ ಕೊರತೆಯೇ? 300 ಓಮ್, 600 ಓಮಿನ ಹೆಡ್‌ಫೋನುಗಳು ಅಲ್ಲಿ ಸುಖವಾಗಿ ಬಾಳಿದವು. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ತಂದ ಎಚ್‌ಡಿ 414 ಎಂಬುದಂತೂ 2000 ಓಮಿನದು.

ತೊಡಕು ಹುಟ್ಟಿದ್ದು ಸಂಗೀತ ಜೇಬಿಗೆ ಇಳಿದಾಗ. 1979ರ ಜುಲೈ 1ರಂದು ಜಪಾನಿನಲ್ಲಿ ಸೋನಿಯವರ ವಾಕ್‌ಮನ್ 33,000 ಯೆನ್ನಿಗೆ ಮಾರಾಟಕ್ಕೆ ಬಂದಿತು. ಎರಡು ಪೆನ್‌ಟಾರ್ಚಿನ ಸೆಲ್ಲಿನಿಂದ ಬರುವುದು ಮೂರು ವೋಲ್ಟು. ಅದರಲ್ಲಿ ಕ್ಯಾಸೆಟ್ಟೂ ತಿರುಗಬೇಕು, ಕಿವಿಗೂ ಕೇಳಿಸಬೇಕು. ಅದಕ್ಕೆ ತಕ್ಕ ಹಗುರವಾದ, ಓಮು ಕಡಮೆಯ ಹೆಡ್‌ಫೋನು ಅದರೊಡನೆಯೇ ಬಂದಿತು. ಅಂದಿನಿಂದ ಹೆಡ್‌ಫೋನುಗಳಲ್ಲಿ ಎರಡು ಜಾತಿ: ಜೇಬಿನ ಯಂತ್ರಕ್ಕೆಂದು ಹುಟ್ಟಿದವು, ಮೇಜಿನ ಯಂತ್ರಕ್ಕೆಂದು ಹುಟ್ಟಿದವು. ನಮ್ಮ ಹುಡುಗ ಎರಡನೆಯ ಜಾತಿಯದನ್ನು ತಂದು ಮೊದಲನೆಯದರ ಜೊತೆಗೆ ಗಂಟುಹಾಕಿದ್ದ, ಅಷ್ಟೆ.

ಲೆಕ್ಕ ಕಷ್ಟದ್ದಲ್ಲ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ಓಮಿನಿಂದ ಭಾಗಿಸಿ. ಯಂತ್ರ ಒಂದು ವೋಲ್ಟು ಕೊಟ್ಟರೆ 32 ಓಮಿನ ಹೆಡ್‌ಫೋನಿಗೆ ಸುಮಾರು 31 ಮಿಲಿವಾಟ್ ಸಿಕ್ಕಿತು. 300 ಓಮಿನದಕ್ಕೆ ಬರೀ ಮೂರು ಚಿಲ್ಲರೆ. ಆದರೆ ಇಷ್ಟರಿಂದಲೇ ತೀರ್ಪು ಕೊಡುವಂತಿಲ್ಲ. ಒಂದು ಮಿಲಿವಾಟಿಗೆ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬ ಇನ್ನೊಂದು ಅಂಕಿಯನ್ನೂ ಪೆಟ್ಟಿಗೆಯ ಮೇಲೆ ನೋಡಬೇಕು. ಓಮು ಕಡಮೆಯಿದ್ದೂ ಕಿವುಡನಂತೆ ಮೊಂಡು ಹಿಡಿಯುವ ಹೆಡ್‌ಫೋನುಗಳುಂಟು. ಓಮು ಹೆಚ್ಚಿದ್ದೂ ಸ್ವಲ್ಪಕ್ಕೇ ಓಗೊಡುವವೂ ಉಂಟು. ಅಂಕಿಗಳ ತಂಟೆ ಬೇಡವೆನ್ನುವವರಿಗೆ ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ನಿಮ್ಮಲ್ಲಿರುವ ಅತ್ಯಂತ ಮೆಲುದನಿಯ ಧ್ವನಿಮುದ್ರಣವನ್ನು, ಒಂದು ವೀಣೆಯ ಆಲಾಪನೆಯೇ ಆಗಲಿ, ಹಾಕಿ. ಫೋನಿನ ಸದ್ದನ್ನು ಮುಕ್ಕಾಲಿಗೆ ಏರಿಸುವಷ್ಟರಲ್ಲಿ ತೃಪ್ತಿಯಾದರೆ ನಿಮಗೆ ಆಂಪ್ಲಿಫೈಯರು ಬೇಕಿಲ್ಲ. ಆ ದುಡ್ಡು ಮನೆಯ ಬೇರೆ ಖರ್ಚಿಗಾಯಿತು.

ಬೇಕೆಂದೇ ಆದರೆ? ಬೆಲೆಯ ವಿಷಯದಲ್ಲಿ ನಮ್ಮ ಕಣ್ಣು ತೆರೆಸಿದವರು ಇಬ್ಬರು. ಮೊದಲನೆಯವರು ಅಮೆರಿಕದ ಚು ಮೋಯ್. ಕಳೆದ ಶತಮಾನದ ತೊಂಬತ್ತರ ದಶಕದ ಕೊನೆಯಲ್ಲಿ ಅವರು ಒಂದು ಪುಟ್ಟ ಆಂಪ್ಲಿಫೈಯರಿನ ನಕ್ಷೆಯನ್ನು ಎಲ್ಲರೂ ಮಾಡಿಕೊಳ್ಳಲೆಂದು ಪ್ರಕಟಿಸಿದರು. ಒಂದು ಚಿಪ್ಪು, ಕೆಲವು ರೆಸಿಸ್ಟರು, ಕೆಪಾಸಿಟರು, 9 ವೋಲ್ಟಿನ ಒಂದು ಬ್ಯಾಟರಿ. ಜನ ಅದನ್ನು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಕೂರಿಸಿದರು. ಸಿಮೋಯ್ ಎಂಬ ಹೆಸರೇ ನಿಂತಿತು. ಇಂಥದು ಹೆಚ್ಚು ಓಮಿನ ಹೆಡ್‌ಫೋನಿಗೆ ಚೆನ್ನ. ಕಡಮೆ ಓಮಿನ ಮೊಂಡು ಜಾತಿಗೆ ಬೇಕಾದ ಕರೆಂಟು ಆ ಒಂದು ಚಿಪ್ಪಿಗೆ ಎಟುಕದು.

ಎರಡನೆಯವರ ನಿಜನಾಮ ಲೋಕಕ್ಕೆ ತಿಳಿಯದು. ಗುಪ್ತನಾಮದಲ್ಲಿ ಬರೆಯುತ್ತಿದ್ದ ಈ ಇಂಜಿನಿಯರು ದುಬಾರಿ ಯಂತ್ರಗಳನ್ನು ಉಪಕರಣವಿಟ್ಟು ಅಳೆದು, ಬೆಲೆಗೂ ಗುಣಕ್ಕೂ ನಂಟಿಲ್ಲದ ಕಡೆ ಹಾಗೆಂದೇ ಹೇಳಿದರು. 2011ರಲ್ಲಿ ಆಬ್ಜೆಕ್ಟಿವ್ 2 ಎಂಬ ತಮ್ಮದೇ ವಿನ್ಯಾಸವನ್ನು ಕೊಟ್ಟರು. ಬಿಡಿಭಾಗಗಳ ವೆಚ್ಚ ಸುಮಾರು 30 ಡಾಲರು. ಅಳತೆಯಲ್ಲಿ ಅದರ ಹಲವು ಪಟ್ಟು ಬೆಲೆಯ ಯಂತ್ರಗಳಿಗೆ ಸರಿಸಾಟಿ. ಮಾರುವವರಿಗೂ ಕೊಂಡವರಿಗೂ ಸಿಟ್ಟು ಬಂದಿತೆನ್ನಿ. 2012ರಲ್ಲಿ ಅವರು ಬರೆಯುವುದನ್ನು ನಿಲ್ಲಿಸಿಬಿಟ್ಟರು, ಕಾರಣ ಹೇಳದೆ. ಅವರು ಒತ್ತಿ ಹೇಳಿದ ಒಂದು ನಿಯಮ ಮಾತ್ರ ಕೊಳ್ಳುವವರು ನೆನಪಿಡಬೇಕಾದದ್ದು: ಆಂಪ್ಲಿಫೈಯರಿನ ಹೊರಮುಖದ ತಡೆ ಹೆಡ್‌ಫೋನಿನ ತಡೆಯ ಎಂಟರಲ್ಲೊಂದು ಪಾಲನ್ನು ಮೀರಬಾರದು. 32 ಓಮಿಗೆ 4 ಓಮ್. ಮೀರಿದರೆ ಕೆಲವು ಹೆಡ್‌ಫೋನುಗಳ ನಾದದ ಬಣ್ಣವೇ ಬದಲಾದೀತು.

2016ರಲ್ಲಿ ಆಪಲ್ ಕಂಪನಿ ತನ್ನ ಫೋನಿನಿಂದ ಹೆಡ್‌ಫೋನಿನ ತೂತನ್ನೇ ತೆಗೆದುಹಾಕಿ, ಬದಲಿಗೆ ಬೆರಳುದ್ದದ ಒಂದು ಬಾಲವನ್ನು 9 ಡಾಲರಿಗೆ ಕೊಟ್ಟಿತು. ಆ ಬಾಲದೊಳಗೆ ಒಂದು ಪುಟಾಣಿ ಆಂಪ್ಲಿಫೈಯರಿದೆ! ಸಾಧಾರಣ ಹೆಡ್‌ಫೋನುಗಳಿಗೆ ಅಂಥದೊಂದು ಬಾಲ ಸಾಕು. ನಾನಾದರೆ ಮೊದಲು ಅದನ್ನು ಹಾಕಿ ನೋಡಿ, ಸಾಲದಿದ್ದರೆ ಮಾತ್ರ ಮುಂದಿನ ಮೆಟ್ಟಿಲು ಹತ್ತುವೆ. ಅಂಗಡಿಯಲ್ಲಿ “ಪವರ್ ಎಷ್ಟಿದೆ ನೋಡಿ” ಎನ್ನುವವರ ಮಾತಿಗೆ ಮರುಳಾಗಬೇಡಿ. ವರ್ಧನೆ ಅತಿಯಾದರೆ ಕಿವಿಯೊಳಗೆ ಸಿಕ್ಕಿಸುವ ಸಣ್ಣ ಇಯರ್‌ಫೋನಿನಲ್ಲಿ ಬುಸುಬುಸು ಸದ್ದು. ಗುಂಡಿಯನ್ನು ಕೂದಲಷ್ಟು ತಿರುಗಿಸಿದರೂ ಅಬ್ಬರ. ಜೊತೆಗೆ ಕಿವಿಯ ಪ್ರಶ್ನೆ. ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬೆಲ್ ಮೀರಬಾರದು, ಮಕ್ಕಳಿಗೆ 75 ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು ಡೆಸಿಬೆಲ್ ಏರಿಸಿದಿರೋ, ಆ ಗಂಟೆಗಳು ಅರ್ಧಕ್ಕಿಳಿದವು. ಒಮ್ಮೆ ಸವೆದ ಕಿವಿಯನ್ನು ರಿಪೇರಿ ಮಾಡುವ ಅಂಗಡಿಯಿಲ್ಲ.

ನಮ್ಮ ಹುಡುಗ ಬಾಲವನ್ನು ಜೋಡಿಸಿ ನೋಡಿದ. ಸಿನಿಮಾ ಹಾಡಿಗೆ ಸಾಕಾಯಿತು, ಹಳೆಯ ಕಚೇರಿಯ ಧ್ವನಿಮುದ್ರಣಗಳಿಗೆ ಸಾಲಲಿಲ್ಲ. ಕಾಲೇಜಿನ ಗೆಳೆಯನೊಬ್ಬನ ಜೊತೆ ಸೇರಿ ಸಿಮೋಯ್ ನಕ್ಷೆಯನ್ನು ಬೆಸುಗೆ ಹಾಕಿ ಸೋಪಿನ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ. ಫೋನು ಹತ್ತಿರ ಬಂದಾಗಲೆಲ್ಲ ಗುರ್ ಎನ್ನುತ್ತಿತ್ತು. ತಗಡಿನ ಡಬ್ಬಿಗೆ ಬದಲಾಯಿಸಿದ ಮೇಲೆ ಅದು ನಿಂತಿತು. ಈಗ ಅವನ ತಕರಾರೆಲ್ಲ 9 ವೋಲ್ಟಿನ ಬ್ಯಾಟರಿಯ ಮೇಲೆ: ಅಜ್ಜಿ ಕೇಳಿ ಮುಗಿಸಿದ ಮೇಲೆ ಸ್ವಿಚ್ಚು ಆರಿಸುವುದನ್ನು ಮರೆಯುತ್ತಾರಂತೆ.