ಮೆಲಾಯು ಎಂಬ ಹೆಸರು

ಮಲೆನಾಡು, ಮಲೆಯಾಳ, ಮಲಯಾಚಲ, ಮಲಯಮಾರುತ. ಇಷ್ಟೆಲ್ಲ ‘ಮಲೆ’ಗಳ ನಡುವೆ ಬೆಳೆದ ಕಿವಿಗೆ ಮಲೇಷ್ಯಾ ಎಂಬ ಹೆಸರು ಬಿದ್ದರೆ ಅದೂ ನಮ್ಮ ಬೆಟ್ಟದ್ದೇ ಅನ್ನಿಸುವುದು ಸಹಜ. ಹಾಗೆ ವಾದಿಸಿದವರೂ ಇದ್ದಾರೆ: ತಮಿಳಿನ ‘ಮಲೈ’ಗೆ ‘ಊರ್’ ಸೇರಿ ಮಲೈಯೂರ್, ಅದು ಸವೆದು, ಮಲಯ್ ಜನ ತಮ್ಮನ್ನು ಕರೆದುಕೊಳ್ಳುವ ಮೆಲಾಯು ಎಂಬ ಹೆಸರಾಯಿತು ಎಂದು. 1025ರಲ್ಲಿ ಹಡಗುಪಡೆ ಕಳಿಸಿ ಸುಮಾತ್ರಾದ ಶ್ರೀವಿಜಯ ರಾಜ್ಯದ ಬಂದರುಗಳನ್ನು ಸೂರೆ ಹೊಡೆದ ರಾಜೇಂದ್ರ ಚೋಳನ ತಂಜಾವೂರು ಶಾಸನದಲ್ಲಿ ಮಲೈಯೂರಿನ ಹೆಸರಿದೆ. ಬೆಟ್ಟವೇ ಕೋಟೆಯಾಗಿದ್ದ ಊರು ಎಂಬ ಬಣ್ಣನೆಯೂ ಇದೆ.

ನನಗೆ ಈ ವಾದ ಒಪ್ಪಿಗೆಯಾಗುವುದಿಲ್ಲ. ಚೋಳರ ದಾಳಿಗೆ ಸುಮಾರು ಮುನ್ನೂರೈವತ್ತು ವರ್ಷ ಮೊದಲೇ ಚೀನೀಯರು ಆ ನಾಡನ್ನು ‘ಮೊಲೊಯು’ ಎಂದು ಬರೆದಿಟ್ಟಿದ್ದರು. 671ರಲ್ಲಿ ಭಾರತಕ್ಕೆ ಹೊರಟ ಬೌದ್ಧ ಭಿಕ್ಷು ಇತ್ಸಿಂಗ್ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಸಂಸ್ಕೃತ ವ್ಯಾಕರಣ ಕಲಿತ. ಆಮೇಲೆ ಮೊಲೊಯುವಿನಲ್ಲಿ ಎರಡು ತಿಂಗಳು ತಂಗಿದ. ಅವನ ಬರಹದ ಹೆಸರಿನಲ್ಲಿ ‘ಊರ್’ ಎಂಬುದರ ಸುಳಿವೇ ಇಲ್ಲ. ಪರನಾಡಿನ ಹೆಸರು ಕೇಳಿದಾಗ ಅದರೊಳಗೆ ತನ್ನ ಮಾತನ್ನೇ ಹುಡುಕಿಕೊಳ್ಳುವುದು ಎಲ್ಲ ಭಾಷೆಗಳ ಸ್ವಭಾವ. ಚೋಳರ ಪ್ರಶಸ್ತಿ ಬರೆದವನೂ ಅದನ್ನೇ ಮಾಡಿದ್ದಾನೆ ಅನ್ನಿಸುತ್ತದೆ.

ಇತ್ಸಿಂಗ್ ಕಂಡ ಆ ನಾಡು ಸುಮಾತ್ರಾದಲ್ಲಿತ್ತು, ಬತಾಂಗ್ ಹರಿ ನದಿಯ ಬಯಲಿನಲ್ಲಿ. ಮಲಯ್ ಅರಸರ ಕಥೆ ಹೇಳುವ ‘ಸೆಜಾರಾ ಮೆಲಾಯು’ ಗ್ರಂಥ ಪಾಲೆಂಬಾಂಗಿನ ಬಳಿ ಮೆಲಾಯು ಎಂಬ ಹೊಳೆಯಿತ್ತು ಅನ್ನುತ್ತದೆ. ಜಾವಾ ಭಾಷೆಯಲ್ಲಿ ‘ಮ್ಲಾಯು’ ಎಂದರೆ ಓಡು. ಅದನ್ನು ಹಿಡಿದು ರಭಸದ ಹೊಳೆ ಎಂದು ಅರ್ಥ ಹೇಳುವವರಿದ್ದಾರೆ. ಊಹೆಗಿಂತ ಗಟ್ಟಿಯಾದ ಸಾಕ್ಷಿ ಒಂದು ಕಲ್ಲು. 1286ರಲ್ಲಿ ಜಾವಾದ ಅರಸ ಕೃತನಗರ ಅಮೋಘಪಾಶನ ವಿಗ್ರಹವೊಂದನ್ನು ಸುಮಾತ್ರಾಕ್ಕೆ ಕಳಿಸಿದ. ಅದರ ಪೀಠದ ಮೇಲೆ, ಮಲಾಯು ಭೂಮಿಯ ಬ್ರಾಹ್ಮಣ, ಕ್ಷತ್ರಿಯ, ವೈಶ್ಯ, ಶೂದ್ರರೆಲ್ಲ ಈ ಉಡುಗೊರೆಯಿಂದ ಸಂತೋಷಪಟ್ಟರೆಂದು ಕೊರೆದಿದೆ. ಇಂದು ಇಸ್ಲಾಮಿನಿಂದ ಬೇರ್ಪಡಿಸಲಾಗದ ಹೆಸರು ಒಂದು ಕಾಲಕ್ಕೆ ಬೌದ್ಧ ವಿಗ್ರಹದ ಪೀಠದ ಮೇಲೆ, ನಾಲ್ಕು ವರ್ಣಗಳ ಜೊತೆ ಕೂತಿತ್ತು.

1400ರ ಸುಮಾರಿಗೆ ಪಾಲೆಂಬಾಂಗಿನ ರಾಜಕುಮಾರ ಪರಮೇಶ್ವರ ಜಲಸಂಧಿ ದಾಟಿ ಮಲಯ ಪರ್ಯಾಯದ್ವೀಪದಲ್ಲಿ ಮಲಾಕ್ಕಾ ಪಟ್ಟಣ ಕಟ್ಟಿದ. ಹೆಸರೂ ಅವನ ಜೊತೆಗೆ ದಾಟಿತು. ಮೆಲಾಯು ಈಗ ಅರಸುಮನೆತನದ ಹೆಸರು, ಬಂದರಿನಿಂದ ಬಂದರಿಗೆ ನಡೆಯುವ ವ್ಯಾಪಾರದ ಭಾಷೆಯ ಹೆಸರು, ಬಾಳುವ ರೀತಿಯ ಹೆಸರು. ಮಲಯ್‌ನಲ್ಲಿ ‘ಬಹಾಸಾ’ ಎಂದರೆ ಭಾಷೆ, ನಡತೆಯೂ ಹೌದು. ಒರಟಾಗಿ ನಡೆದುಕೊಂಡವನನ್ನು ಬಹಾಸಾ ಗೊತ್ತಿಲ್ಲದವನು ಅನ್ನುತ್ತಾರೆ. ಮತಾಂತರವಾಗಿ ಇಸ್ಲಾಂ ಸೇರಿದವನು ‘ಮಾಸುಕ್ ಮೆಲಾಯು’, ಅಂದರೆ ಮೆಲಾಯುವಿನ ಒಳಗೆ ಬಂದವನು. ಹೆಸರಿಗೆ ಬಾಗಿಲಿತ್ತು, ಹೊರಗಿನವರು ಒಳಗೆ ಬರಬಹುದಿತ್ತು.

ಆ ಬಾಗಿಲಿನಿಂದ ಬಂದ ಮನೆತನದವನೇ ಮುನ್ಷಿ ಅಬ್ದುಲ್ಲಾ. 1796ರಲ್ಲಿ ಮಲಾಕ್ಕಾದಲ್ಲಿ ಹುಟ್ಟಿದವನು. ಇವನ ಮುತ್ತಜ್ಜ ಯೆಮೆನ್‌ನಿಂದ ತಮಿಳುನಾಡಿನ ನಾಗೂರಿಗೆ ಬಂದು ಮದುವೆಯಾಗಿ ನೆಲೆಸಿದ ಅರಬ. ಅಬ್ದುಲ್ಲಾ ಹುಡುಗನಾಗಿದ್ದಾಗ ತಮಿಳು ಓದಿದ. ಮಲಾಕ್ಕಾ ಕೋಟೆಯಲ್ಲಿದ್ದ ಭಾರತೀಯ ಮುಸ್ಲಿಂ ಸಿಪಾಯಿಗಳಿಗೆ ಕುರಾನ್ ಹೇಳಿಕೊಟ್ಟ. ಮುನ್ಷಿ ಎಂಬ ಹೆಸರು ಕೊಟ್ಟವರು ಅವರೇ. ಬ್ರಿಟಿಷ್ ಅಧಿಕಾರಿ ರಾಫಲ್ಸ್‌ಗೆ ಲಿಪಿಕಾರನಾದ, ಇಂಗ್ಲಿಷರಿಗೂ ಪಾದ್ರಿಗಳಿಗೂ ಮಲಯ್ ಕಲಿಸಿದ. 1835ರಲ್ಲಿ ಪಂಚತಂತ್ರವನ್ನು ತಮಿಳಿನಿಂದ ಮಲಯ್‌ಗೆ ತಂದ. ಅವನ ಆತ್ಮಕಥೆ ‘ಹಿಕಾಯತ್ ಅಬ್ದುಲ್ಲಾ’ 1849ರಲ್ಲಿ ಅಚ್ಚಾಯಿತು. ಆಧುನಿಕ ಮಲಯ್ ಸಾಹಿತ್ಯದ ಪಿತಾಮಹ ಎಂದು ಕರೆಸಿಕೊಂಡವನು ಇವನು. ಹಾಗೆಯೇ ಮಲಯ್ ಸಿನಿಮಾದ ಕಣ್ಮಣಿ ಪಿ. ರಾಮ್ಲಿಯ ತಂದೆ ಸುಮಾತ್ರಾದ ಅಚೆ ಪ್ರಾಂತ್ಯದವರು. ಪ್ರಧಾನಿಯಾಗಿದ್ದ ಮಹಾತಿರ್ ಅವರ ತಂದೆಯ ಕಡೆಯ ಬೇರು ಕೇರಳದಲ್ಲಿದೆ. ಇವರೆಲ್ಲ ಮೆಲಾಯು, ಯಾರೂ ಕಡಿಮೆ ಮೆಲಾಯು ಅಲ್ಲ.

ರಕ್ತದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ, ಹೆಸರು ಹುಟ್ಟುವುದಕ್ಕೂ ಸಾವಿರಾರು ವರ್ಷ ಹಿಂದಕ್ಕೆ. ಆಸ್ಟ್ರೊನೇಷ್ಯನ್ ಭಾಷೆಯಾಡುವ ಜನ ಸುಮಾರು ಐದು ಸಾವಿರ ವರ್ಷಗಳ ಕೆಳಗೆ ತೈವಾನಿನಿಂದ ದೋಣಿ ಹತ್ತಿ ದಕ್ಷಿಣಕ್ಕೆ ಹರಡಿದರು ಎಂಬುದು ಈಗ ಬಹುತೇಕ ಪಂಡಿತರ ಮತ. ಮಲಯ್ ಭಾಷೆಯ ಹತ್ತಿರದ ಬಳಗ ಬೋರ್ನಿಯೋದ ಪಶ್ಚಿಮದಲ್ಲಿ ಮೊದಲು ಬೇರೂರಿತು ಎನ್ನುವವರೇ ಹೆಚ್ಚು. ದಾರಿಯುದ್ದಕ್ಕೂ ಅಲ್ಲಲ್ಲಿ ಮೊದಲೇ ಇದ್ದವರ ಜೊತೆ ಬೆರೆತರು, ಕಡಲಾಚೆಯಿಂದ ಬಂದವರ ಜೊತೆಗೂ ಬೆರೆತರು. ಆ ಪಯಣದ ಗುರುತು ಇಂದಿಗೂ ಎಣಿಕೆಯಲ್ಲಿದೆ. ಮಲಯ್‌ನಲ್ಲಿ ಐದಕ್ಕೆ ‘ಲಿಮ’. ನ್ಯೂಜಿಲೆಂಡಿನ ಮಾವೊರಿಯಲ್ಲಿ ‘ರಿಮ’, ಮಡಗಾಸ್ಕರಿನಲ್ಲಿ ‘ದಿಮಿ’. ಹವಾಯಿಯಲ್ಲಿ ‘ಲಿಮ’ ಎಂದರೆ ಐದೂ ಹೌದು, ಕೈಯೂ ಹೌದು. ಎರಡಕ್ಕೆ ಮಲಯ್‌ನಲ್ಲಿ ‘ದುವ’. ಸಂಸ್ಕೃತದ ‘ದ್ವಿ’ ನೆನಪಾದರೂ ಅದು ಅವರದೇ ಹಳೆಯ ಸ್ವತ್ತು. ರಾಜ, ನಗರ, ಗುರು, ದೋಸ, ಭೂಮಿ ಮಾತ್ರ ನಮಗೂ ಅವರಿಗೂ ಒಂದೇ ಬಾಗಿಲಿನಿಂದ ಬಂದ ನೆಂಟರು.

ಮೆಲಾಯು ಎಂಬ ಹೆಸರಿನ ಬಾಗಿಲಿಗೆ ಅಗುಳಿ ಹಾಕಿದ್ದು ಕಾಗದ. ಮಲಯಾವನ್ನು ಆಳಿದ ಬ್ರಿಟಿಷರು ಖಾನೇಷುಮಾರಿಗೆಂದು ಜನರನ್ನು ಕುಲಕುಲವಾಗಿ ವಿಂಗಡಿಸಿದರು. 1913ರ ಮಲಯ್ ಮೀಸಲು ಭೂಮಿ ಕಾನೂನಿಗೆ, ಜಮೀನು ಯಾರಿಗೆ ದಕ್ಕಬೇಕೆಂದು ತೀರ್ಮಾನಿಸಲು, ಮಲಯ್ ಯಾರು ಎಂಬ ಲಕ್ಷಣ ಬೇಕಾಯಿತು. 1957ರ ಸಂವಿಧಾನದ 160ನೇ ವಿಧಿಯಲ್ಲಿ ಅದು ಇನ್ನೂ ಖಚಿತವಾಯಿತು: ಇಸ್ಲಾಂ ಧರ್ಮದವನಾಗಿರಬೇಕು, ರೂಢಿಯಾಗಿ ಮಲಯ್ ಆಡಬೇಕು, ಮಲಯ್ ಆಚಾರ ಪಾಲಿಸಬೇಕು, ಸ್ವಾತಂತ್ರ್ಯ ಬಂದ ದಿನಕ್ಕೆ ಈ ನೆಲದೊಂದಿಗೆ ಅವನಿಗೋ ಅವನ ಹಿರಿಯರಿಗೋ ನಂಟಿರಬೇಕು. ಗಮನಿಸಿ, ಇದರಲ್ಲಿ ರಕ್ತದ ಮಾತಿಲ್ಲ. ಕಾನೂನು ಬರೆದವರೂ ಹೆಸರಿನ ಹಳೆಯ ಗುಣವನ್ನು ಪೂರ್ತಿ ಅಳಿಸಲಾರದೆ ಹೋದರು. ನನಗೆ ಈ ವಿಧಿಯಲ್ಲಿ ಹಿಡಿಸುವುದು ಇದೊಂದೇ. ಧರ್ಮ ಬಿಟ್ಟವನು ಹೆಸರನ್ನೂ ಬಿಡಬೇಕಾಗುತ್ತದೆ ಎಂಬುದು ಕಷ್ಟದ ವಿಷಯ.

ಜಲಸಂಧಿಯ ಆಚೆ ದಂಡೆಯಲ್ಲಿ ಲೆಕ್ಕವೇ ಬೇರೆ. ಇಂಡೋನೇಷ್ಯಾದಲ್ಲಿ ಮೆಲಾಯು ನೂರಾರು ಪಂಗಡಗಳ ಪೈಕಿ ಒಂದು. ಸುಮಾತ್ರಾದ ಮಿನಾಂಗ್‌ಕಬೌ ಜನ ಅಲ್ಲಿ ಮಿನಾಂಗ್. ಅವರ ಬಳಗದವರೇ ಮಲೇಷ್ಯಾದ ನೆಗೆರಿ ಸೆಂಬಿಲಾನಿನಲ್ಲಿ ಮಲಯ್. 1928ರಲ್ಲಿ ಇಂಡೋನೇಷ್ಯಾದ ತರುಣರು ಪ್ರತಿಜ್ಞೆ ಮಾಡಿ ಮಲಯ್ ನುಡಿಯನ್ನೇ ದೇಶಕ್ಕೆಲ್ಲ ಒಪ್ಪಿಕೊಂಡರು; ಅದನ್ನು ಇಂಡೋನೇಷ್ಯಾದ ಭಾಷೆ ಎಂದು ಕರೆದರು. ಭಾಷೆ ಉಳಿಯಿತು, ಹೆಸರು ಬದಲಾಯಿತು.

ಹೆಸರು ಉಳಿದು ಭಾಷೆ ಹೋದದ್ದು ಆಫ್ರಿಕಾದ ತುದಿಯಲ್ಲಿ. ಡಚ್ಚರು ಕೇಪ್‌ಟೌನಿಗೆ ಗುಲಾಮರನ್ನಾಗಿಯೂ ಗಡೀಪಾರಾದವರನ್ನಾಗಿಯೂ ಸಾಗಿಸಿದವರಲ್ಲಿ ಜಾವಾ, ಮಕಾಸ್ಸರ್‌ಗಳವರ ಜೊತೆಗೆ ಬಂಗಾಳ, ಮಲಬಾರುಗಳವರೂ ಇದ್ದರು. ಅವರ ಮಕ್ಕಳು ಮಲಯ್ ಮರೆತು ಆಫ್ರಿಕಾನ್ಸ್ ಆಡಿದರು. ಆ ಭಾಷೆಯನ್ನು ಅರಬ್ಬೀ ಲಿಪಿಯಲ್ಲಿ ಬರೆದರು. ಕೇಪ್‌ಟೌನಿನ ಬೋಕಾಪ್ ಕೇರಿಯಲ್ಲಿ ಇವತ್ತಿಗೂ ಅವರನ್ನು ಕೇಪ್ ಮಲಯ್ ಎಂದೇ ಕರೆಯುತ್ತಾರೆ.