ಕಡಲ ತೈಲ ಅಟ್ಟಣೆಗಳಲ್ಲಿ ಮೀಥೇನ್ ಮಾಪನದ ಇತಿಹಾಸ

ಕಡಲತಳದಿಂದ ತೈಲ ಮತ್ತು ಅನಿಲ ಎತ್ತುವ ಅಟ್ಟಣೆಗಳಿಂದ ಎಷ್ಟು ಮೀಥೇನ್ ಗಾಳಿಗೆ ಸೇರುತ್ತದೆ ಎಂಬುದನ್ನು ಬಹುಕಾಲ ಯಾರೂ ಅಳೆಯಲಿಲ್ಲ, ಲೆಕ್ಕ ಹಾಕಿದರು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಈ ಅನಿಲ ಟ್ಯಾಂಕು, ಕಂಪ್ರೆಸರ್, ಸರಿಯಾಗಿ ಉರಿಯದ ಜ್ವಾಲಾಕೊಳವೆ ಮತ್ತು ಉರಿಸದೆಯೇ ಅನಿಲ ಹೊರಬಿಡುವ ಕೊಳವೆಗಳಿಂದ ಹೊರಬೀಳುತ್ತದೆ. ಅದಕ್ಕೆ ಬಣ್ಣವಿಲ್ಲ. ನಡುಗಡಲಿನಲ್ಲಿ ಅದನ್ನು ಗಮನಿಸುವ ನೆರೆಹೊರೆಯೂ ಇಲ್ಲ.

ಅಮೆರಿಕದ ಆಡಳಿತವು ಮೆಕ್ಸಿಕೊ ಕೊಲ್ಲಿಯ ಅಟ್ಟಣೆಗಳ ಹೊರಸೂಸುವಿಕೆಯ ಪಟ್ಟಿಯನ್ನು 2000ರಿಂದ ಕೆಲವು ವರ್ಷಗಳಿಗೊಮ್ಮೆ ತಯಾರಿಸುತ್ತ ಬಂತು. ಕಂಪನಿಗಳು ತಮ್ಮ ಉಪಕರಣ ಮತ್ತು ಕೆಲಸದ ವಿವರ ಕೊಡುತ್ತಿದ್ದವು. ಅದನ್ನು ನಿಗದಿತ ಗುಣಾಂಕಗಳಿಂದ ಗುಣಿಸಿ ಮೊತ್ತ ಪಡೆಯಲಾಗುತ್ತಿತ್ತು. ಕೆಟ್ಟುಹೋದ ಕವಾಟ ಇಂಥ ಗುಣಾಕಾರದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ನೇರ ಮಾಪನಕ್ಕೆ ಒತ್ತು ಸಿಕ್ಕಿದ್ದು ಒಂದು ಅವಘಡದಿಂದ. 2012ರ ಮಾರ್ಚ್ 25ರಂದು ಉತ್ತರ ಸಮುದ್ರದ ಎಲ್ಗಿನ್ ಅಟ್ಟಣೆಯಲ್ಲಿ ಅನಿಲ ಸೋರತೊಡಗಿತು. ಸಿಬ್ಬಂದಿಯನ್ನು ತೆರವುಗೊಳಿಸಲಾಯಿತು, ಹತ್ತಿರ ಹೋಗುವಂತಿರಲಿಲ್ಲ. ಬ್ರಿಟನ್ನಿನ ಸಂಶೋಧನಾ ವಿಮಾನ ಅಟ್ಟಣೆಯಿಂದ ಗಾಳಿ ಬೀಸಿಹೋಗುವ ದಿಕ್ಕಿನಲ್ಲಿ ಹಾರಿ, ಸೋರಿಕೆ ಸೆಕೆಂಡಿಗೆ ಸುಮಾರು 1.3 ಕಿಲೊಗ್ರಾಂ ಮೀಥೇನ್ ಎಂದು ಅಂದಾಜಿಸಿತು. ಗಾಳಿಯ ವೇಗವೂ ಅನಿಲದ ಸಾಂದ್ರತೆಯೂ ತಿಳಿದರೆ ಮೂಲದ ಪ್ರಮಾಣ ತಿಳಿಯುತ್ತದೆ ಎಂಬುದೇ ವಿಧಾನದ ತಿರುಳು. 2017ರಲ್ಲಿ ಅದೇ ಸಮುದ್ರದಲ್ಲಿ ಸಣ್ಣ ದೋಣಿಯಿಂದ ಎಂಟು ಅಟ್ಟಣೆಗಳನ್ನು ಅಳೆದಾಗ, ಅವಘಡವಿಲ್ಲದ ಸಾಮಾನ್ಯ ದಿನಗಳಲ್ಲೂ ಸೋರಿಕೆ ನಡೆದೇ ಇರುವುದು ಗೊತ್ತಾಯಿತು. ಆದರೆ ಎತ್ತರಕ್ಕೆ ಏರಿಹೋಗುವ ಅನಿಲ ದೋಣಿಯ ಕೈಗೆ ಸಿಗುವುದಿಲ್ಲ.

2018ರ ಜನವರಿಯಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಮೆಕ್ಸಿಕೊ ಕೊಲ್ಲಿಯ ಮೇಲೆ ನಡೆಸಿದ ಹಾರಾಟಗಳು ಈ ಇತಿಹಾಸದ ನಿಜವಾದ ತಿರುವು. ವರ್ಷಕ್ಕೆ ಸುಮಾರು 5.3 ಲಕ್ಷ ಟನ್ ಎಂಬ ಅದರ ಅಂದಾಜು ಅಧಿಕೃತ ಲೆಕ್ಕವನ್ನು ಮೀರಿತ್ತು. ಪಟ್ಟಿಯಲ್ಲಿ ಕೆಲವು ಅಟ್ಟಣೆಗಳೇ ಬಿಟ್ಟುಹೋಗಿದ್ದವು. ಆಳವಿಲ್ಲದ ನೀರಿನ ನೆಲೆಗಳು ಊಹಿಸಿದ್ದಕ್ಕಿಂತ ಹೆಚ್ಚು ಸೋರುತ್ತಿದ್ದವು. ಎಲ್ಲೆಡೆಯೂ ಲೆಕ್ಕ ಕಡಿಮೆಯೇ ಇರುತ್ತದೆ ಎಂದುಕೊಳ್ಳುವುದು ತಪ್ಪು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆಕ್ಸಿಕೊ ದೇಶದ ಕಡಲ ಅಟ್ಟಣೆಗಳ ಮಾಪನ ಸರ್ಕಾರಿ ಅಂಕಿಗಿಂತ ಬಹಳ ಕೆಳಗಿತ್ತು, ದಡದ ಮಾಪನ ಮೇಲಿತ್ತು: ಕಡಲ ಅನಿಲದ ಒಂದು ಪಾಲು ಕೊಳವೆಯಲ್ಲಿ ದಡಕ್ಕೆ ಬಂದು ಅಲ್ಲಿ ಹೊರಬೀಳುತ್ತಿತ್ತು.

ಉಪಗ್ರಹಗಳಿಗೆ ಕಡಲು ಕಷ್ಟದ ಹಿನ್ನೆಲೆ. ಮೀಥೇನ್ ಗುರುತಿಸಲು ಬೇಕಾದ ಅವಗೆಂಪು ಬೆಳಕನ್ನು ನೀರು ಹೀರಿಕೊಳ್ಳುತ್ತದೆ, ನೆಲದಂತೆ ಮರಳಿಸುವುದಿಲ್ಲ. ಸೂರ್ಯನ ಪ್ರತಿಫಲನ ಥಳಥಳಿಸುವ ಕೋನದಿಂದ ನೋಡುವ ತಂತ್ರ ಬಂದಮೇಲೆ ದಾರಿ ತೆರೆಯಿತು. ಹೀಗೆಯೇ ಸ್ಪೇನಿನ ವಲೆನ್ಸಿಯಾದ ಸಂಶೋಧಕರು ಮೆಕ್ಸಿಕೊದ ಕ್ಯಾಂಪೆಚೆ ಕೊಲ್ಲಿಯ ಜಾಪ್-ಸಿ ಅಟ್ಟಣೆಯಿಂದ 2021ರ ಡಿಸೆಂಬರಿನಲ್ಲಿ 17 ದಿನಗಳಲ್ಲಿ ಸುಮಾರು 40,000 ಟನ್ ಮೀಥೇನ್ ಹೊರಬಿದ್ದದ್ದನ್ನು ಪತ್ತೆಹಚ್ಚಿದರು. ವರ್ಷಕ್ಕೊಮ್ಮೆ ನಡೆಸುವ ಸಮೀಕ್ಷೆ ಇಂಥ ಘಟನೆಯನ್ನು ಸುಲಭವಾಗಿ ಕಾಣದೆ ಬಿಡುತ್ತಿತ್ತು. ಮರಳಿ ಮರಳಿ ನೋಡುವ ಕಣ್ಣು ಬೇಕಾಗಿರುವುದು ಈ ಕಾರಣಕ್ಕೆ.

ಕಂಪನಿಗಳು ಸ್ವಇಚ್ಛೆಯಿಂದ ಸೇರುವ, ವಿಶ್ವಸಂಸ್ಥೆ ಬೆಂಬಲದ ವರದಿ ಚೌಕಟ್ಟು 2020ರಲ್ಲಿ ನವೀಕರಣಗೊಂಡು ಅಂದಾಜಿನ ಬದಲು ಮಾಪನ ಕೇಳತೊಡಗಿತು. 2024ರಲ್ಲಿ ಐರೋಪ್ಯ ಒಕ್ಕೂಟ ತನ್ನ ಕಡಲ ನೆಲೆಗಳಿಗೂ ಮಾಪನ ಮತ್ತು ಸೋರಿಕೆ ದುರಸ್ತಿಯನ್ನು ಕಡ್ಡಾಯಗೊಳಿಸಿತು. ಆದರೆ ಮೋಡ ಕವಿದ, ಚಳಿಗಾಲದಲ್ಲಿ ಸೂರ್ಯ ತೀರ ಕೆಳಗಿರುವ ಉತ್ತರದ ಕಡಲುಗಳಲ್ಲಿ ಪ್ರತಿಫಲನದ ತಂತ್ರಕ್ಕೆ ಅವಕಾಶ ಕಡಿಮೆ. ಅಲ್ಲಿ ಮಾಪನ ಇಂದಿಗೂ ವಿಮಾನ, ಹಡಗು ಮತ್ತು ಡ್ರೋನ್‌ಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿದೆ.