ತ್ಯಾಪೆಯ ಚರಿತ್ರೆ

ಹರಿದ ಬಟ್ಟೆಗೆ ಹಚ್ಚುವ ತುಂಡಿಗೆ ನಮ್ಮ ಸಾಲಗುಂದದ ಕಡೆ ತ್ಯಾಪೆ ಅನ್ನುತ್ತಾರೆ. ಹಳೆಯ ಸೀರೆ, ಧೋತರ, ಕುಬಸಗಳ ತುಂಡುಗಳೆಲ್ಲ ಒಂದಾದರೆ ಅದು ಕೌದಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದು ಸಿಂಧನೂರು ಸೀಮೆಯ ಜೋಳದ ಹೊಲಗಳು ಬತ್ತದ ಗದ್ದೆಗಳಾದವು, ಮನೆಗಳಿಗೆ ಅಂಗಡಿಯ ರಗ್ಗುಗಳು ಬಂದವು. ಕೌದಿ ಮಾತ್ರ ಮನೆ ಬಿಟ್ಟು ಹೋಗಲಿಲ್ಲ.

ಕಂಪ್ಯೂಟರಿನ ಲೋಕದಲ್ಲಿಯೂ ತ್ಯಾಪೆ ಇದೆ, ಕೌದಿಯೂ ಇದೆ ಎಂದರೆ ನಗಬೇಡಿ. ನನಗೆ ಇದು ತಿಳಿದದ್ದು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಮಗಳಿಂದ. ಅಲ್ಲಿ ತ್ಯಾಪೆಗೆ ‘ಪ್ಯಾಚ್’ ಎನ್ನುತ್ತಾರೆ. ಅದು ಸುಮ್ಮನೆ ಅಲಂಕಾರಕ್ಕೆ ಇಟ್ಟ ಹೆಸರಲ್ಲ. 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿದ ಮಾರ್ಕ್-1 ಯಂತ್ರಕ್ಕೆ ಸೂಚನೆಗಳನ್ನು ಕಾಗದದ ಉದ್ದನೆಯ ಪಟ್ಟಿಯಲ್ಲಿ ತೂತು ಕೊರೆದು ಕೊಡುತ್ತಿದ್ದರು. ತಪ್ಪು ಬಿದ್ದ ತೂತಿನ ಮೇಲೆ ಕಾಗದದ ಚೂರು ಅಂಟಿಸುವುದೇ ತಿದ್ದುಪಡಿ. ಆ ಯಂತ್ರಕ್ಕೆ ಸೂಚನೆ ಬರೆದವರಲ್ಲಿ ಗ್ರೇಸ್ ಹಾಪರ್ ಎಂಬ ಹೆಣ್ಣುಮಗಳೂ ಇದ್ದಳು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಕಾಗದ ಹೋಗಿ ಅಕ್ಷರ ಬಂದ ಮೇಲೆ ತ್ಯಾಪೆಯೂ ಅಕ್ಷರವಾಯಿತು. 1974ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮೆಕಿಲ್ರಾಯ್ ಅವರು, ಹಳೆಯ ಬರಹವನ್ನೂ ಹೊಸ ಬರಹವನ್ನೂ ಹೋಲಿಸಿ ವ್ಯತ್ಯಾಸವನ್ನಷ್ಟೇ ತೋರಿಸುವ ‘ಡಿಫ್’ ಎಂಬ ಸಾಧನವನ್ನು ಮಾಡಿದರು. 1985ರಲ್ಲಿ ಲ್ಯಾರಿ ವಾಲ್ ಅದಕ್ಕೆ ಜೋಡಿಯಾಗಿ ‘ಪ್ಯಾಚ್’ ಎಂಬುದನ್ನು ಬರೆದರು. ವ್ಯತ್ಯಾಸದ ಹಾಳೆ ಕೈಗೆ ಸಿಕ್ಕರೆ ಸಾಕು, ಹಳೆಯ ಬರಹಕ್ಕೆ ಅದು ತಾನೇ ತ್ಯಾಪೆ ಹಚ್ಚುತ್ತದೆ. ಈ ವಾಲ್ ಭಾಷಾಶಾಸ್ತ್ರ ಓದಿದವರು. ಲಿಪಿಯಿಲ್ಲದ ಯಾವುದಾದರೊಂದು ಭಾಷೆಗೆ ಲಿಪಿ ಮಾಡಿಕೊಡಬೇಕೆಂದು ಹೆಂಡತಿಯೊಡನೆ ಹೊರಡಲಿದ್ದವರು ಆರೋಗ್ಯದ ಕಾರಣಕ್ಕೆ ಉಳಿದುಬಿಟ್ಟರು.

ತ್ಯಾಪೆಯ ಹಾಳೆ ಹೇಗಿರುತ್ತದೆಂದು ಮಗಳು ತೋರಿಸಿದಳು. ತೆಗೆದ ಸಾಲಿನ ಮುಂದೆ ಕಳೆಯುವ ಗುರುತು, ಸೇರಿಸಿದ ಸಾಲಿನ ಮುಂದೆ ಕೂಡಿಸುವ ಗುರುತು, ಮೇಲೆ ಕೆಳಗೆ ಸಾಮಾನ್ಯವಾಗಿ ಮೂರು ಮೂರು ಹಳೆಯ ಸಾಲು. ಮೂಲ ಬರಹ ಅಷ್ಟರಲ್ಲಿ ಸ್ವಲ್ಪ ಹಿಂದುಮುಂದಾಗಿದ್ದರೂ ಈ ಅಕ್ಕಪಕ್ಕದ ಸಾಲುಗಳ ಗುರುತು ಹಿಡಿದು ತ್ಯಾಪೆ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಸೀರೆಯ ಹೂ ಬಳ್ಳಿ ನೋಡಿ ತುಂಡು ಎಲ್ಲಿಯದೆಂದು ನಾವು ಹೇಳುವುದಿಲ್ಲವೇ, ಹಾಗೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಬೆಳೆದದ್ದು ಇಂಥ ತ್ಯಾಪೆಗಳಿಂದ. ಊರೂರಿನವರು ಇ-ಮೇಲಿನಲ್ಲಿ ಕಳಿಸುವರು, ಆತ ಓದಿ ಹಚ್ಚುವರು. ಕಾಗದ ಹೆಚ್ಚಾಗಿ ಎಷ್ಟೋ ತ್ಯಾಪೆಗಳು ಉತ್ತರವಿಲ್ಲದೆ ಕಳೆದುಹೋಗುತ್ತಿದ್ದವು, ಮತ್ತೆ ಮತ್ತೆ ಕಳಿಸಬೇಕಾಗುತ್ತಿತ್ತು. 2005ರ ಏಪ್ರಿಲ್‌ನಲ್ಲಿ ಅವರೇ ‘ಗಿಟ್’ ಎಂಬ ಸಾಧನ ಮಾಡಿದರು. ತ್ಯಾಪೆಯನ್ನು ಕಾಗದದ ರೂಪಕ್ಕೆ ತರುವುದಕ್ಕೂ ಅಂಚೆಗೆ ಹಾಕುವುದಕ್ಕೂ ಅದರಲ್ಲಿ ಬೇರೆ ಬೇರೆ ಆಜ್ಞೆಗಳಿವೆ. ಅದಕ್ಕೂ ಮೊದಲೇ, ಆಂಡ್ರ್ಯೂ ಮಾರ್ಟನ್ ಅವರ ಬರಹಗಳಿಂದ ಬೆಳೆದ, ತ್ಯಾಪೆಗಳನ್ನು ಒಂದರ ಮೇಲೊಂದು ಅಡುಕಿ ಇಡುವ ಸಾಧನವೊಂದಿತ್ತು. ಅದರ ಹೆಸರು ‘ಕ್ವಿಲ್ಟ್’. ಅಂದರೆ ನಮ್ಮ ಕೌದಿಯೇ!

ಕಳಿಸುವ ಮೊದಲು ಮಡಿ ಬಹಳ. ಒಂದು ತ್ಯಾಪೆಯಲ್ಲಿ ಒಂದೇ ಬದಲಾವಣೆ ಇರಬೇಕು. ತಲೆಬರಹ ಒಂದೇ ಸಾಲಿನದು, ಅದರ ಕೆಳಗೆ ಒಂದು ಖಾಲಿ ಸಾಲು, ಆಮೇಲೆ ಏನು ಬದಲಾಯಿತು ಎಂಬುದಕ್ಕಿಂತ ಯಾಕೆ ಬದಲಾಯಿಸಬೇಕಾಯಿತು ಎಂಬ ವಿವರಣೆ. ಬಣ್ಣ, ದಪ್ಪಕ್ಷರ ಯಾವುದೂ ಕೂಡದು, ಬರೀ ಅಕ್ಷರ. ಕಾಗದ ಸಾಗಿಸುವ ತಂತ್ರಾಂಶವೇ ಜಾಣತನ ಮಾಡಿ ಉದ್ದ ಸಾಲನ್ನು ಮುರಿದರೆ ತ್ಯಾಪೆ ಕೂರುವುದೇ ಇಲ್ಲ. ಅದಕ್ಕೇ ತಿಳಿದವರು ಮೊದಲು ತಮಗೇ ಕಳಿಸಿಕೊಂಡು ಹಚ್ಚಿ ನೋಡುತ್ತಾರೆ.

ಮಗಳ ಮೊದಲ ತ್ಯಾಪೆ ಎರಡು ಸಲ ತಿರುಗಿ ಬಂತು. ಮೊದಲನೆಯ ಸಲ ಸಾಲು ಮುರಿದಿತ್ತು. ಎರಡನೆಯ ಸಲ, ಒಂದರಲ್ಲಿ ಎರಡು ತಿದ್ದುಪಡಿ ತುರುಕಿದ್ದೀರಿ, ಬಿಚ್ಚಿ ಬೇರೆ ಮಾಡಿ ಎಂದು ಉತ್ತರ. ನಮ್ಮ ಕಾಲದ ಅತ್ತೆಯಂದಿರೂ ಇಷ್ಟು ಹೊಲಿಗೆ ಬಿಚ್ಚಿಸಿರಲಿಕ್ಕಿಲ್ಲ! ಅದೂ ಎಲ್ಲರೂ ಓದುವ ಹಾಗೆ ಬರೆದ ಕಾಗದ. ಆ ಮಂದಿಯ ಮಾತು ಒರಟೆಂದು ಮೊದಲಿಂದ ಹೆಸರಾಗಿತ್ತು. 2018ರಲ್ಲಿ ಸ್ವತಃ ಟೋರ್ವಾಲ್ಡ್ಸ್ ತಮ್ಮ ಬಿರುಸು ಕಾಗದಗಳಿಗೆ ಕ್ಷಮೆ ಕೇಳಿ ಕೆಲವು ದಿನ ಕೆಲಸದಿಂದ ದೂರ ಉಳಿದರು. ಕೇಳಿದ್ದು ಒಳ್ಳೆಯದಾಯಿತು. ಹೆದರಿ ಹಿಂದೆ ಸರಿದ ಹುಡುಗಿಯರೆಷ್ಟೋ ಏನೋ.

ನನಗೆ ಬಹಳ ಹಿಡಿಸಿದ್ದು ಕೊನೆಯ ಸಾಲು. 2003ರಲ್ಲಿ ಒಂದು ಕಂಪನಿ, ಲಿನಕ್ಸಿನಲ್ಲಿ ತನ್ನ ಬರಹ ಸೇರಿದೆ ಎಂದು ದಾವೆ ಹೂಡಿತು. ಯಾವ ತುಂಡು ಯಾರ ಮನೆಯದು ಎಂಬ ಲೆಕ್ಕ ಬೇಕಾಯಿತು. 2004ರಿಂದ, ಇದನ್ನು ಕೊಡುವ ಹಕ್ಕು ನನಗಿದೆ ಎಂದು ಪ್ರತಿ ತ್ಯಾಪೆಯ ಕೆಳಗೆ ಕಳಿಸಿದವರು ಹೆಸರು ಬರೆದು ರುಜು ಹಾಕುವುದು ಕಡ್ಡಾಯವಾಯಿತು.

ನಮ್ಮ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರಿದೆ. 1915ರಲ್ಲಿ ಅದು ಬೆಳಕಿಗೆ ಬಂದಾಗ ದೊಡ್ಡ ಸುದ್ದಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅರಸನ ಮಾತು ಮುಗಿದ ಮೇಲೆ ಬರೆದವನು ಚಪಡ ಎಂದು ಲಿಪಿಕಾರನೂ ತನ್ನ ಹೆಸರು ಹಾಕಿಕೊಂಡಿದ್ದಾನೆ. ಕೌದಿಯ ಮೂಲೆಯಲ್ಲಿ ಹೆಸರು ಹೊಲಿದ ಹೆಣ್ಣುಮಗಳನ್ನು ನಾನು ಮಾತ್ರ ಕಂಡಿಲ್ಲ.

ಮೂರನೆಯ ಸಲ ಕಳಿಸುವಾಗ ಮಗಳು ಫೋನ್ ಮಾಡಿ, “ಅವ್ವಾ, ರುಜುವಿನಲ್ಲಿ ಯಾವ ಅಡ್ಡಹೆಸರು ಹಾಕಲಿ?” ಎಂದು ಕೇಳಿದಳು. ಆಗಷ್ಟೇ ಮದುವೆಯಾಗಿತ್ತು. ಒಮ್ಮೆ ಸೇರಿದ ಹೆಸರು ಆ ಇತಿಹಾಸದಿಂದ ಅಳಿಯುವುದಿಲ್ಲವಂತೆ. ನಾನು ಏನೂ ಹೇಳಲಿಲ್ಲ. ಅವಳು ಹಾಕಿದ್ದು ತವರಿನದು. ಆ ವಾರವೇ ತ್ಯಾಪೆ ಕೂತಿತು. ಬೀಗಿತ್ತಿಗೆ ಈ ಸುದ್ದಿಯನ್ನು ಇನ್ನೂ ಯಾರೂ ಹೇಳಿಲ್ಲ.